ಮನೆಗೆ ಹಾನಿಯಾದಾಗ: ವಿಮೆಯ ಹಣಕ್ಕೆ ಯಾರ ನೆರವು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಕಟ್ಟಿದ ಮನೆ ಒಂದೇ ರಾತ್ರಿಯ ಮಳೆಗೆ ನೆಲಕ್ಕೊರಗಿದರೆ ಏನು ಮಾಡಬೇಕೆಂಬುದನ್ನು ಮಾತ್ರ ನಾವು ಇಂದಿಗೂ ಸರಿಯಾಗಿ ಕಲಿತಿಲ್ಲ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಮರುವರ್ಷ ಅದೇ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳಿಗೆ ನುಗ್ಗಿದವು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸಿರಿವಂತರ ಬಡಾವಣೆಗಳೂ ನೀರಿನಲ್ಲಿ ನಿಂತವು. ಇಂಥ ಸಮಯದಲ್ಲಿ ಸರ್ಕಾರ ನೀಡುವ ಪರಿಹಾರವು ನೆರವು. ವಿಮೆಯಿಂದ ಬರಬೇಕಾದ ಹಣವಾದರೋ ನಾವು ಕಂತು ಕಟ್ಟಿ ಗಳಿಸಿದ ಹಕ್ಕು. ಆದರೆ ಹಕ್ಕನ್ನು ಕೂಡ ಕ್ರಮವರಿತು ಕೇಳಿದವರಿಗೇ ಅದು ದಕ್ಕುತ್ತದೆ.

ಮೊದಲು ತಿಳಿಯಬೇಕಾದುದು, ನಮ್ಮ ಮನೆಗೆ ವಿಮೆ ಇದೆಯೇ ಎಂಬುದನ್ನು. ಗೃಹಸಾಲ ಕೊಡುವಾಗ ಬ್ಯಾಂಕಿನವರು ಎಷ್ಟೋ ಸಲ ವಿಮೆಯನ್ನೂ ಮಾಡಿಸಿರುತ್ತಾರೆ. ಪತ್ರ ಬ್ಯಾಂಕಿನ ಕಪಾಟಿನಲ್ಲಿರುತ್ತದೆ, ಮನೆಯವರಿಗೆ ಅದರ ಅರಿವೇ ಇರುವುದಿಲ್ಲ. ಸಾಲ ಪಡೆದ ಯಜಮಾನರು ತೀರಿಕೊಂಡಿದ್ದರಂತೂ ಮಡದಿ ಮಕ್ಕಳಿಗೆ ಹೇಳುವವರೇ ಇಲ್ಲ. ಆದ್ದರಿಂದ ಸಾಲವಿರುವ ಪ್ರತಿಯೊಂದು ಕುಟುಂಬವೂ ಬ್ಯಾಂಕಿಗೆ ಹೋಗಿ ವಿಮಾಪತ್ರದ ಪ್ರತಿಯನ್ನು ಕೇಳಿ ಪಡೆಯುವುದು ಒಳ್ಳೆಯದು.

2021ರ ಏಪ್ರಿಲ್ 1ರಿಂದ ವಸತಿಗೃಹಗಳಿಗಾಗಿ ‘ಭಾರತ ಗೃಹ ರಕ್ಷಾ’ ಎಂಬ ಏಕರೂಪದ ವಿಮೆ ಜಾರಿಯಲ್ಲಿದೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ ಮುಂತಾದವುಗಳಿಂದ ಆಗುವ ಹಾನಿ ಇದರಲ್ಲಿ ಸೇರಿದೆ. ನಿವೇಶನದ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆಯನ್ನು ಮತ್ತೆ ಕಟ್ಟಲು ತಗಲುವ ವೆಚ್ಚವೇ ವಿಮೆಯ ಮೊತ್ತ. ಸಾವಿರ ಚದರಡಿಯ ಮನೆಗೆ ಚದರಡಿಗೆ ಎರಡು ಸಾವಿರ ರೂಪಾಯಿಯಂತೆ ಹಿಡಿದರೆ ಇಪ್ಪತ್ತು ಲಕ್ಷವಾಯಿತು. ಕಟ್ಟಡ ಮತ್ತು ಸಾಮಾನುಗಳೆರಡಕ್ಕೂ ವಿಮೆ ಮಾಡಿಸಿದ್ದರೆ, ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ ಹತ್ತು ಲಕ್ಷದವರೆಗೆ, ಸಾಮಾನುಗಳಿಗೆ ತಾನಾಗಿಯೇ ರಕ್ಷಣೆ ದೊರೆಯುತ್ತದೆ. ನಗದು ಹಣ ಇದರಲ್ಲಿ ಸೇರದು. ಒಡವೆಗಳಿಗೆ ಬೇರೆಯಾಗಿಯೇ ವಿಮೆ ಮಾಡಿಸಬೇಕು.

ಹಾನಿಯಾದೊಡನೆ ಕಂಪನಿಗೆ ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ನೀರು ಇಳಿಯುತ್ತಲೇ ಮನೆ ತೊಳೆದು, ಕೆಟ್ಟ ಸಾಮಾನನ್ನು ತಿಪ್ಪೆಗೆ ಹಾಕುವುದು ನಮ್ಮ ಗೃಹಿಣಿಯರ ಸಹಜ ಸ್ವಭಾವ. ಸ್ವಲ್ಪ ತಾಳ್ಮೆ ಅವಶ್ಯ. ಗೋಡೆಯ ಮೇಲಿನ ನೀರಿನ ಗುರುತು, ಬಿರುಕು, ಉಬ್ಬಿದ ಬಾಗಿಲು, ಕೆಟ್ಟ ಫ್ರಿಜ್ಜು ಎಲ್ಲದರ ಛಾಯಾಚಿತ್ರಗಳನ್ನು ಮೊದಲು ತೆಗೆಯಿರಿ. ಹಾನಿ ಇನ್ನೂ ಹೆಚ್ಚದಂತೆ ತಾತ್ಕಾಲಿಕ ರಿಪೇರಿ ಮಾಡಿಸಬಹುದು. ಅದರ ರಸೀದಿ ಇರಲಿ. ಗ್ರಾಮ ಆಡಳಿತಾಧಿಕಾರಿಗಳು ಪಂಚನಾಮೆ ಮಾಡಿದ್ದರೆ, ಅಗ್ನಿಶಾಮಕ ದಳ ಬಂದಿದ್ದರೆ, ಆ ವರದಿಗಳ ಪ್ರತಿಯನ್ನೂ ಪಡೆಯಬೇಕು.

ಅನಂತರ ಬರುವವರು ಸರ್ವೇಯರ್. 1938ರ ವಿಮಾ ಕಾಯಿದೆಯ ಪ್ರಕಾರ ನಿಗದಿತ ಮೊತ್ತಕ್ಕೆ ಮೀರಿದ ನಷ್ಟವನ್ನು ಪರವಾನಗಿ ಪಡೆದ ಸರ್ವೇಯರರೇ ಅಳೆಯಬೇಕು. ಅವರನ್ನು ನೇಮಿಸುವುದೂ ಶುಲ್ಕ ಕೊಡುವುದೂ ವಿಮಾ ಕಂಪನಿ. ಆದರೂ ನಿಷ್ಪಕ್ಷಪಾತವಾಗಿ ವರದಿ ಮಾಡುವುದು ಅವರ ಧರ್ಮ. ಅವರನ್ನು ಶತ್ರುವೆಂದು ಕಾಣುವುದೂ ತಪ್ಪು, ನಮ್ಮ ವಕೀಲರೆಂದು ಭಾವಿಸುವುದೂ ತಪ್ಪು. 2024ರ ಜೂನ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಹೊರಡಿಸಿದ ಸುತ್ತೋಲೆಯಂತೆ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನಗಳಲ್ಲಿ ವರದಿ ಬರಬೇಕು, ವರದಿ ಬಂದ 7 ದಿನಗಳಲ್ಲಿ ಕಂಪನಿ ತೀರ್ಮಾನಿಸಬೇಕು.

ಇಲ್ಲಿಯೇ ತಜ್ಞರ ನೆರವಿನ ಪ್ರಶ್ನೆ ಬರುವುದು. ಬಿರುಕು ನೆರೆಯಿಂದ ಬಂತೇ, ಮನೆ ಹಳೆಯದಾದುದರಿಂದ ಬಂತೇ ಎಂಬುದೇ ಬಹುತೇಕ ವಿವಾದಗಳ ಮೂಲ. ಸವೆತದಿಂದಾದ ಹಾನಿಗೆ ವಿಮೆ ಇಲ್ಲ. ಈ ಪ್ರಶ್ನೆಗೆ ಕಣ್ಣೀರು ಉತ್ತರವಾಗದು, ಅಳತೆ ಉತ್ತರವಾಗುತ್ತದೆ. ಆದ್ದರಿಂದ ಸರ್ವೇಯರ್ ಬರುವ ಮುನ್ನವೇ ಅರ್ಹ ಸಿವಿಲ್ ಇಂಜಿನಿಯರರೊಬ್ಬರನ್ನು ಕರೆಸಿ, ಕೋಣೆಕೋಣೆಯ ಹಾನಿಯನ್ನೂ ಅದರ ಕಾರಣವನ್ನೂ ದುರಸ್ತಿಯ ಅಂದಾಜನ್ನೂ ಬರೆಸಿಡುವುದು ಜಾಣತನ. ಗೃಹ ರಕ್ಷಾ ವಿಮೆಯಲ್ಲಿಯೇ ವಾಸ್ತುಶಿಲ್ಪಿ, ಸರ್ವೇಯರ್, ಇಂಜಿನಿಯರರ ಶುಲ್ಕಕ್ಕೆಂದು ಕ್ಲೇಮಿನ ಶೇಕಡಾ 5ರವರೆಗೆ, ಅವಶೇಷ ತೆಗೆಯಲು ಶೇಕಡಾ 2ರವರೆಗೆ ಅವಕಾಶವಿದೆ. ಆರು ಲಕ್ಷದ ಕ್ಲೇಮಿನಲ್ಲಿ ಇವು ಮೂವತ್ತು ಸಾವಿರ ಮತ್ತು ಹನ್ನೆರಡು ಸಾವಿರವಾಗುತ್ತವೆ. ಇದನ್ನು ಕೇಳದೆ ಬಿಡುವ ಕುಟುಂಬಗಳೇ ಹೆಚ್ಚು. ಬ್ರೋಕರರ ಮೂಲಕ ವಿಮೆ ಮಾಡಿಸಿದ್ದರೆ ಕ್ಲೇಮಿನಲ್ಲಿ ನೆರವಾಗುವುದೂ ಅವರ ಕರ್ತವ್ಯವೇ.

ಅಮೆರಿಕದಲ್ಲಿ ಮನೆಯ ಒಡೆಯರ ಪರವಾಗಿಯೇ ನಷ್ಟ ಅಳೆದು ವಾದಿಸುವ ‘ಪಬ್ಲಿಕ್ ಅಡ್ಜಸ್ಟರ್’ ಎಂಬ ಪರವಾನಗಿದಾರರಿದ್ದಾರೆ. ಬಂದ ಹಣದಲ್ಲಿ ಅವರಿಗೆ ಪಾಲು. ಟೆಕ್ಸಾಸ್‌ನಲ್ಲಿ ಅದು ಶೇಕಡಾ 10ನ್ನು ಮೀರಬಾರದೆಂದು ಕಾನೂನೇ ಕಟ್ಟುಮಾಡಿದೆ. ಅಲ್ಲಿ ನೆಲೆಸಿರುವ ನಮ್ಮ ಮಕ್ಕಳು ಈ ಮಿತಿಯನ್ನು ತಮ್ಮ ರಾಜ್ಯದ ಮಟ್ಟಿಗೆ ವಿಚಾರಿಸಿಕೊಂಡೇ ಸಹಿ ಮಾಡಬೇಕು. ನಮ್ಮಲ್ಲಿಯಾದರೋ ಇಂಥ ಪಾಲಿಗೆ ಮಿತಿ ಹಾಕಿದ ಪ್ರತ್ಯೇಕ ಕಾನೂನಿಲ್ಲದೆ, ‘ಹಣ ಬರಿಸಿಕೊಡುತ್ತೇವೆ, ಇಷ್ಟು ಪಾಲು ಕೊಡಿ’ ಎಂದು ಬರುವವರ ವಿಷಯದಲ್ಲಿ ಎಚ್ಚರ ಬೇಕು. ಬಂದ ಹಣದಲ್ಲಿ ಪಾಲು ಕೇಳುವುದನ್ನು ವಕೀಲರಿಗೆ ಬಾರ್ ಕೌನ್ಸಿಲ್ ನಿಯಮಗಳೇ ನಿಷೇಧಿಸಿವೆ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಮೂಲ ಪತ್ರಗಳನ್ನು ಯಾರ ಕೈಗೂ ಕೊಡಬೇಡಿ. ಇಲ್ಲದ ಹಾನಿಯನ್ನು ಸೇರಿಸೋಣ ಎನ್ನುವವರನ್ನು ಹೊಸಿಲು ದಾಟಿಸಲೇಬೇಡಿ. ಒಂದು ಸುಳ್ಳು ರಸೀದಿ ಹತ್ತು ನಿಜವಾದ ರಸೀದಿಗಳನ್ನು ಕೆಡಿಸುತ್ತದೆ.

ಕಂಪನಿ ಕಡಿಮೆ ಹಣ ಮಂಜೂರು ಮಾಡಿದರೆ ಧೃತಿಗೆಡಬೇಕಾಗಿಲ್ಲ. ಸರ್ವೇ ವರದಿಯ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ, ಯಾವ ಕಲಮಿನಲ್ಲಿ ಎಷ್ಟು ಕಡಿತವಾಗಿದೆಯೆಂದು ಇಂಜಿನಿಯರರೊಡನೆ ಕುಳಿತು ನೋಡಬೇಕು. ಸರ್ವೇಯರರ ವರದಿ ಮುಖ್ಯವಾದರೂ ಅದೇ ಕೊನೆಯ ಮಾತಲ್ಲವೆಂದು 2009ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿದೆ. ಹಣದ ಅಡಚಣೆಯಿಂದ ‘ಪೂರ್ಣ ತೀರುವಳಿ’ ಎಂಬ ರಸೀದಿಗೆ ಸಹಿ ಹಾಕಬೇಕಾಗಿ ಬಂದರೆ, ಆಕ್ಷೇಪಣೆಯೊಡನೆ ಸ್ವೀಕರಿಸಿದ್ದೇವೆಂದು ಬರೆದು ಸಹಿ ಮಾಡಿ. ಅಂಥ ರಸೀದಿಯ ಕಾರಣದಿಂದ ಹೆಚ್ಚಿನ ಹಣ ಕೇಳುವ ಹಕ್ಕು ಅಳಿಯದೆಂದು ಪ್ರಾಧಿಕಾರ 2015ರಲ್ಲಿ ಸ್ಪಷ್ಟಪಡಿಸಿದೆ.

ಮುಂದಿನ ಮೆಟ್ಟಿಲು ವಿಮಾ ಲೋಕಪಾಲರು. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾಯಬೇಕು. ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ, ಒಂದು ವರ್ಷದೊಳಗೆ ಲೋಕಪಾಲರಿಗೆ ಬರೆಯಬಹುದು. ಕರ್ನಾಟಕದವರಿಗೆ ಈ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವೂ ಇಲ್ಲ. ನೊಂದವರೇ ತಮ್ಮ ಮಾತನ್ನು ಹೇಳಿಕೊಳ್ಳಬೇಕು. 2023ರಿಂದ ಐವತ್ತು ಲಕ್ಷದವರೆಗಿನ ಪರಿಹಾರ ಇವರ ಅಧಿಕಾರದಲ್ಲಿದೆ. ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಮ್ಮನ್ನಲ್ಲ. ಒಪ್ಪಿಗೆಯಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದೇ ಇದೆ. ಆದರೆ ಮೊದಲೇ ಆಯೋಗದಲ್ಲಿ ಮೊಕದ್ದಮೆ ಹೂಡಿದವರ ದೂರನ್ನು ಲೋಕಪಾಲರು ಕೈಗೆತ್ತಿಕೊಳ್ಳರು. ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳ ಕಾಲಮಿತಿಯಿದೆ. ಕಾನೂನಿನ ತೊಡಕಿದ್ದರೆ ವಕೀಲರ ಸಲಹೆ ಬೇಕಾಗುವುದು ಈ ಹಂತದಲ್ಲಿ.

ಸಂಕಟದಲ್ಲಿರುವ ಮನೆಯವರಿಗೆ ಇಷ್ಟೆಲ್ಲ ಓಡಾಡುವ ತ್ರಾಣವಿರುವುದಿಲ್ಲವೆಂಬುದನ್ನು ನಾವು ಬಲ್ಲೆವು. ಅನೇಕರು ಹಕ್ಕನ್ನು ಬಿಟ್ಟುಕೊಡುವುದು ಅಜ್ಞಾನದಿಂದಲ್ಲ, ದಣಿವಿನಿಂದ. ನೆರೆಹೊರೆಯವರ, ನೆಂಟರಿಷ್ಟರ ನೆರವು ಬೇಕಾಗುವುದು ಅಲ್ಲಿಯೇ. ಓದುಬರಹ ಬಲ್ಲ ತರುಣನೊಬ್ಬ ಅರ್ಜಿ ಬರೆದುಕೊಟ್ಟರೆ, ನಿವೃತ್ತ ಇಂಜಿನಿಯರರೊಬ್ಬರು ಗೋಡೆಯನ್ನು ಅಳೆದುಕೊಟ್ಟರೆ, ಬೀದಿಗೆ ಬಿದ್ದ ಕುಟುಂಬವೊಂದು ಮತ್ತೆ ತನ್ನ ಸೂರಿನಡಿ ಒಲೆ ಹಚ್ಚೀತು. ಮಳೆಗಾಲ ಬರುವ ಮುನ್ನ ನಮ್ಮ ಓದುಗರು ತಮ್ಮ ವಿಮಾಪತ್ರವನ್ನೊಮ್ಮೆ ತೆರೆದು ಓದಲಿ. ಅದರ ಒಂದು ಪ್ರತಿಯನ್ನು ಮನೆಯ ಹೊರಗೆ, ನಂಬಿಕಸ್ಥ ಬಂಧುವೊಬ್ಬರಲ್ಲಿ ಇರಿಸಲಿ.