ಹೊಲದ ಇಲಿಯೂ ಊರಿನ ಆರೋಗ್ಯವೂ

ಇಲಿಯನ್ನು ರೈತನು ಕಾಳಿನ ಕಳ್ಳನೆಂದು ಮಾತ್ರ ಎಣಿಸುತ್ತ ಬಂದಿದ್ದಾನೆ. ಗದಗ ತಾಲೂಕಿನ ಕೋಟುಮಚಗಿಯಂತಹ ಎರೆಭೂಮಿಯ ಊರುಗಳಲ್ಲಿ ಹಿಂಗಾರಿಯ ಜೋಳ, ಕಡಲೆ ಮಾಗುವ ಹೊತ್ತಿಗೆ ಬಿಲ ಅಗಿಯುವದು, ವಿಷದ ಕಾಳು ಇಡುವದು, ಸತ್ತ ಇಲಿಗಳನ್ನು ಬದುವಿನಾಚೆ ಎಸೆಯುವದು, ಇಷ್ಟಕ್ಕೇ ಕೆಲಸವು ತೀರಿತೆಂದು ತಿಳಿಯುವದುಂಟು. ಆದರೆ ಆ ಇಲಿಗಳ ಮೈಯಲ್ಲಿ ಯಾವ ವೈರಸ್‌ಗಳಿವೆ ಎಂಬುದನ್ನು ಅರಿಯುವದೂ ಅಷ್ಟೇ ಅವಶ್ಯವಾದುದು.

ಇದಕ್ಕೆ ಕನ್ನಡನಾಡಿನಲ್ಲಿಯೇ ನಿದರ್ಶನವುಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಉಣ್ಣಿಗಳಿಂದ ಹರಡುವ ಹೊಸದೊಂದು ವೈರಸ್ಸನ್ನು ಕಂಡುಹಿಡಿದರು. ಜನರು ಆ ರೋಗವನ್ನು ಮಂಗನ ಕಾಯಿಲೆಯೆಂದು ಕರೆದರು. ಆದರೆ ಮುಂದೆ ಕಾಡಿನ ಇಲಿಗಳಲ್ಲಿಯೂ ಸುಂಡಿಲಿಗಳಲ್ಲಿಯೂ ಅದೇ ವೈರಸ್ ದೊರೆಯಿತು. ಮಂಗವು ಸತ್ತು ಎಚ್ಚರಿಕೆ ಕೊಡುತ್ತದೆ. ಇಲಿಯು ರೋಗದ ಕುರುಹನ್ನೇ ತೋರದೆ ಓಡಾಡಬಲ್ಲದು.

ತಡವಾಗಿ ಹುಡುಕಿದರೆ ಏನಾಗುವದೆಂಬುದನ್ನು ಕೊರಿಯ ದೇಶವು ತೋರಿಸಿದೆ. 1950ರಿಂದ 1953ರ ವರೆಗಿನ ಯುದ್ಧದಲ್ಲಿ ಮೂರು ಸಾವಿರಕ್ಕೂ ಮಿಕ್ಕಿದ ಸೈನಿಕರು ರಕ್ತಸ್ರಾವದ ಜ್ವರಕ್ಕೆ ತುತ್ತಾದರು. ಅದರ ಕಾರಣವಾದ ಹಂಟಾನ್ ವೈರಸ್ಸನ್ನು ಹೊಲದ ಇಲಿಯಲ್ಲಿ ಕಂಡದ್ದು 1976ರಲ್ಲಿ. ಅದೇ ವರ್ಗದ ವೈರಸ್ಸೊಂದು 1964ರಲ್ಲಿಯೇ ತಮಿಳುನಾಡಿನ ವೇಲೂರಿನ ಹತ್ತಿರ ಸುಂಡಿಲಿಯಲ್ಲಿ ದೊರೆತಿತ್ತು. ಅದರ ಕುಲವು ತಿಳಿದುಬಂದದ್ದು ಮಾತ್ರ ಹಂಟಾನ್ ದೊರೆತ ತರುವಾಯವೇ.

ಇಂಥ ಶೋಧದಿಂದ ಜನರಲ್ಲಿ ವೃಥಾ ಭಯ ಹುಟ್ಟುವದೆಂದು ಕೆಲವರು ಆಕ್ಷೇಪಿಸಬಹುದು. ಇಲಿಯಲ್ಲಿರುವ ಪ್ರತಿಯೊಂದು ವೈರಸ್ಸೂ ಮನುಷ್ಯನಿಗೆ ತಗಲುವದಿಲ್ಲವೆಂಬುದನ್ನು ಮೊದಲೇ ತಿಳಿಸಿ ಹೇಳಿದರೆ ಆ ಭಯಕ್ಕೆ ಎಡೆಯಿಲ್ಲ. ಯಾವ ಹೊಲದಲ್ಲಿ, ಯಾವ ಮಾಸದಲ್ಲಿ ಇಲಿಗಳು ಹೆಚ್ಚುವವೆಂಬುದು ರೈತನಿಗೂ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಂತಹ ಸಂಸ್ಥೆಗಳಿಗೂ ಗೊತ್ತು. ರಕ್ತವನ್ನು ಪರೀಕ್ಷಿಸುವ ಸಾಧನಗಳು ಆರೋಗ್ಯ ಇಲಾಖೆಯಲ್ಲಿವೆ. ಈ ಎರಡೂ ಕಡೆಯವರು ಕೂಡಿ, ಪ್ರತಿ ಸುಗ್ಗಿಗೆ ಆಯ್ದ ಕೆಲವು ಹಳ್ಳಿಗಳಲ್ಲಿ ಇಲಿಗಳನ್ನು ಹಿಡಿದು ಪರೀಕ್ಷಿಸಿ ದಾಖಲೆಯನ್ನಿಡತಕ್ಕದ್ದು. ಮುಂದೆ ಹೆಸರು ತಿಳಿಯದ ಜ್ವರವೇನಾದರೂ ಕಾಣಿಸಿಕೊಂಡರೆ ವೈದ್ಯರಿಗೆ ಆ ದಾಖಲೆಯೇ ದಾರಿ ತೋರುವದು.

ಹಿಡಿಯುವ ಈ ಕೆಲಸವು ತರಬೇತಿ ಹೊಂದಿದವರದು. ರೈತಬಾಂಧವರು ಸತ್ತ ಇಲಿಯನ್ನು ಬರಿಗೈಯಿಂದ ಮುಟ್ಟದೆ ಆಳವಾಗಿ ಹೂಳಬೇಕು. ಬಹುದಿನ ಮುಚ್ಚಿದ್ದ ಕಾಳಿನ ಕೋಣೆಯ ಬಾಗಿಲುಗಳನ್ನು ತೆರೆದು ಗಾಳಿಯಾಡಗೊಟ್ಟು, ಇಲಿಯ ಹಿಕ್ಕೆಯ ಮೇಲೆ ಬ್ಲೀಚಿಂಗ್ ಪುಡಿಯ ನೀರನ್ನು ಚಿಮುಕಿಸಿ, ಧೂಳೇಳದಂತೆ ಬಳಿದು ತೆಗೆಯಬೇಕು. ಕಾಳನ್ನು ಕಾಯುವ ಎಚ್ಚರವೇ ಮನೆಮಂದಿಯನ್ನೂ ಕಾಯಲಿ.