ಶರಣರ ಗೊಂಬೆಗಳಿಗೆ ಕಾಯಕದ ಸಲಕರಣೆ



ನವರಾತ್ರಿಯ ದಿನಗಳಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಭಕ್ತರ ಮನೆಗಳಿಗೆ ನಾವು ಹೋದಾಗ, ಗೊಂಬೆಗಳನ್ನು ನೋಡಿಯೇ ಹೋಗಬೇಕೆಂದು ಮಕ್ಕಳು ಒತ್ತಾಯಿಸುವುದುಂಟು. ಹಳೆಯ ಮೈಸೂರು ಸೀಮೆಯ ಈ ಸಂಪ್ರದಾಯದಲ್ಲಿ ಪಟ್ಟದ ಗೊಂಬೆಗಳಿಗೆ ಅಗ್ರಸ್ಥಾನವಿದ್ದರೂ, ಕೆಳಗಿನ ಸಾಲಿನಲ್ಲಿ ಅನುಭವ ಮಂಟಪವನ್ನು ಜೋಡಿಸುವ ಮನೆಗಳೂ ಇವೆ. ಇದು ಪೂಜೆಗಲ್ಲ, ಪಾಠಕ್ಕೆ. ಆದುದರಿಂದ ನಮಗೆ ಸಂತೋಷವೇ. ಆದರೆ ಆ ಮಂಟಪದಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಎಲ್ಲ ಶರಣರಿಗೂ ಒಂದೇ ವಿಭೂತಿ, ಒಂದೇ ರುದ್ರಾಕ್ಷಿ, ಒಂದೇ ಬಿಳಿಯ ಬಟ್ಟೆ. ಮಡಿವಾಳ ಮಾಚಯ್ಯ ಯಾರು, ಅಂಬಿಗರ ಚೌಡಯ್ಯ ಯಾರು ಎಂಬುದು ಚೀಟಿ ಅಂಟಿಸದೆ ತಿಳಿಯದು. ಕಾಯಕದಿಂದಲೇ ಹೆಸರು ಪಡೆದವರ ಕೈಗಳು ಬರಿದಾಗಿವೆ.

ಈ ಕೈಗಳಿಗೆ ಸಲಕರಣೆ ಕೊಡಲು ಈಗ ಒಂದು ಹೊಸ ಸಾಧನ ಬಂದಿದೆ. ಪಾಲಿಮರ್ ಕ್ಲೇ ಎಂದು ಅದರ ಹೆಸರು. ಕ್ಲೇ ಎಂದರೂ ಅದು ಮಣ್ಣಲ್ಲ; ಪಿ.ವಿ.ಸಿ. ಪ್ಲಾಸ್ಟಿಕ್ಕಿನ ಪುಡಿಗೆ ಅದನ್ನು ಮೃದುವಾಗಿಡುವ ದ್ರವವನ್ನೂ ಬಣ್ಣವನ್ನೂ ಸೇರಿಸಿದ ಕಣಕ. ಗಾಳಿಗೆ ಒಣಗದು, ನೀರಿಗೆ ಕರಗದು. ಓವನ್ನಿನ ಹದವಾದ ಶಾಖಕ್ಕೆ ಮಾತ್ರ ಗಟ್ಟಿಯಾಗುತ್ತದೆ. ಗೊಂಬೆಗೂ ಇದಕ್ಕೂ ಹುಟ್ಟಿನಿಂದಲೇ ನಂಟು. ಜರ್ಮನಿಯ ಹೆಸರಾಂತ ಗೊಂಬೆ ತಯಾರಕಿ ಕೇಥೆ ಕ್ರೂಸೆಯವರ ಮಗಳು ಫೀಫಿ ಇದನ್ನು ರೂಢಿಗೆ ತಂದರು. 1964ರಲ್ಲಿ ಎಬರ್‌ಹಾರ್ಡ್ ಫೇಬರ್ ಕಂಪನಿ ಅದನ್ನು ಕೊಂಡು ‘ಫಿಮೊ’ ಎಂಬ ಹೆಸರಿನಿಂದ ಮಾರಿತು. ಪುಟ್ಟ ರೈಲು, ಪುಟ್ಟ ಮನೆಗಳ ಮಾದರಿ ಮಾಡುವವರು ಚೀಲ, ಬುಟ್ಟಿ, ಪಾತ್ರೆಗಳನ್ನು ಇದರಿಂದಲೇ ಮಾಡಿಕೊಳ್ಳುತ್ತಾರೆ.

ಮೊದಲು ಪ್ರಮಾಣ. ಐದೂವರೆ ಅಡಿಯ ಮನುಷ್ಯನಿಗೆ ಐದೂವರೆ ಅಂಗುಲದ ಗೊಂಬೆಯಾದರೆ ಅಡಿಗೊಂದು ಅಂಗುಲದ ಲೆಕ್ಕ. ಕುಳಿತ ಗೊಂಬೆಯಾದರೆ ಅದರ ಎತ್ತರವನ್ನು ಇಮ್ಮಡಿಸಿಕೊಳ್ಳಬೇಕು. ಈ ಲೆಕ್ಕದಲ್ಲಿ ಜೇಡರ ದಾಸಿಮಯ್ಯನ ಒಂದಡಿ ಉದ್ದದ ಲಾಳಿ ಒಂದಂಗುಲ; ಹರಳಯ್ಯನ ಕೈಯ ಪಾದರಕ್ಷೆ ಒಂದಂಗುಲಕ್ಕೂ ಕಡಿಮೆ. ಆದರೆ ಲಾಳಿಯ ನಿಜವಾದ ಉದ್ದವೆಷ್ಟು, ಅದರ ತುದಿ ಹೇಗಿರುತ್ತದೆ? ಮಗು ಇಲ್ಲಿಯೇ ನಿಂತುಬಿಡುತ್ತದೆ. ಮನೆಯ ತಂದೆ ತಾಯಿಯರೂ ನಿಲ್ಲುತ್ತಾರೆ. ಅಜ್ಜನನ್ನೋ ಅಜ್ಜಿಯನ್ನೋ ಕೇಳಲೇಬೇಕು. ರಂಪಿಗೆ, ಮೊರ, ಹರಿಗೋಲಿನ ಹುಟ್ಟು, ಇವುಗಳನ್ನು ಕೈಯಲ್ಲಿ ಹಿಡಿದು ದುಡಿದವರು, ಹಿಡಿದವರನ್ನು ಕಂಡವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ, ಬಹುಕಾಲ ಇರುವುದಿಲ್ಲ. ಮಕ್ಕಳು ಅಳತೆಪಟ್ಟಿ ಹಿಡಿದು ಅವರ ಬಳಿ ಕೂರುವುದೇ ಈ ಕೆಲಸದ ದೊಡ್ಡ ಲಾಭವೆಂದು ನಮ್ಮ ಅಭಿಪ್ರಾಯ. (ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ, ಕುಠಾರವೆಂದರೆ ಕೊಡಲಿ. ಊರಿನ ಹೆಸರಿನಲ್ಲಿದ್ದ ಸಲಕರಣೆಯೂ 1818ರಲ್ಲಿ ಮರೆಯಾಯಿತು.)

ಮಾಚಯ್ಯನ ಬಟ್ಟೆಯ ಗಂಟಿಗೆ ಈ ಕಣಕ ಬಹಳ ಒಗ್ಗುತ್ತದೆ. ತೆಳ್ಳಗೆ ಲಟ್ಟಿಸಿ, ನಿಜವಾದ ಬಟ್ಟೆಯಂತೆಯೇ ಮಡಿಸಿ ನೆರಿಗೆ ಹಿಡಿದು ಗಂಟು ಕಟ್ಟಬಹುದು. ಲಟ್ಟಣಿಗೆಯನ್ನು ಮತ್ತೆ ಅಡುಗೆಗೆ ಬಳಸಕೂಡದು. ಹರಳಯ್ಯನ ಪಾದರಕ್ಷೆಗೆ ಕಂದು ಬಣ್ಣದ ಕಣಕವನ್ನು ಹಳೆಯ ಚಪ್ಪಲಿಯ ತೊಗಲಿನ ಮೇಲೆ ಒತ್ತಿದರೆ ತೊಗಲಿನ ಗೆರೆಗಳು ಮೂಡುತ್ತವೆ. ಚೌಡಯ್ಯನ ಹುಟ್ಟು ಐದಂಗುಲ ಉದ್ದವಾಗುವುದರಿಂದ ಒಳಗೆ ತಂತಿಯನ್ನಿಟ್ಟೇ ಮಾಡಬೇಕು. ಇಲ್ಲವಾದರೆ ಬೇಯುವಾಗಲೇ ಬಾಗುತ್ತದೆ.

ಆಯ್ದಕ್ಕಿ ಮಾರಯ್ಯನ ಮೊರಕ್ಕೆ ಬಂದಾಗ ಲೆಕ್ಕ ಸೂಕ್ಷ್ಮವಾಗುತ್ತದೆ. ಆರು ಮಿಲಿಮೀಟರಿನ ಅಕ್ಕಿಯ ಕಾಳು ಅರ್ಧ ಮಿಲಿಮೀಟರಿಗೆ ಇಳಿಯಬೇಕು. ಅದನ್ನು ಯಾವ ಕೈಯೂ ಉರುಟಲಾರದು. ಚಿರೋಟಿ ರವೆಯನ್ನು ಉದುರಿಸಿದರೆ ಸಾಕು. ಆದರೆ ಮೊರದ ತುಂಬ ಸುರಿಯಬೇಡಿ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಪತಿಯನ್ನು ಹಿಂದಿರುಗಿಸಿದವಳು ಲಕ್ಕಮ್ಮ. ಮೊರ ತುಂಬಿದರೆ ಆ ತಾಯಿಯ ಮಾತನ್ನೇ ಅಳಿಸಿದಂತಾಗುತ್ತದೆ. ಒಂದು ಚಿಟಿಕೆ ಸಾಕು.

ಎಲ್ಲಕ್ಕೂ ಈ ಪ್ಲಾಸ್ಟಿಕ್ಕೇ ಬೇಕೆಂದಿಲ್ಲ. ನುಲಿಯ ಚಂದಯ್ಯನ ಹಗ್ಗವನ್ನು ಕಣಕದಿಂದ ಹೊಸೆದರೆ ಅದು ಹಾವಿನಂತೆ ಕಾಣುತ್ತದೆಯೇ ಹೊರತು ಹಗ್ಗದಂತಲ್ಲ. ಗುಂಡ್ಲುಪೇಟೆಯ ಬಾಳೆಯ ತೋಟಗಳಲ್ಲಿ ನಾರಿಗೆ ಬರವೇ? ಎರಡೆಳೆ ಹೊಸೆದುಕೊಂಡರೆ ಹಗ್ಗವೂ ಆಯಿತು, ಮಗುವಿಗೆ ಹೊಸೆಯುವುದೂ ಬಂತು. ಮೋಳಿಗೆ ಮಾರಯ್ಯನ ಸೌದೆಯ ಹೊರೆಗೆ ಒಣಕಡ್ಡಿಗಳೇ ಉಚಿತ. ಇನ್ನು ಕುಂಬಾರ ಗುಂಡಯ್ಯನ ಮಡಕೆಯ ವಿಷಯದಲ್ಲಿ ನಾವು ನಿಷ್ಠುರರು. ಗುಂಡಯ್ಯ ಮಡಕೆಯನ್ನು ಬಾರಿಸುತ್ತ ಕುಣಿದಾಗ ಶಿವನೂ ಕುಣಿದನೆಂದು ಹರಿಹರ ತನ್ನ ರಗಳೆಯಲ್ಲಿ ವರ್ಣಿಸಿದ್ದಾನೆ. ಪ್ಲಾಸ್ಟಿಕ್ಕಿನ ಮಡಕೆಗೆ ಆ ನಾದವೆಲ್ಲಿ? ಕುಂಬಾರರ ಮನೆಗೆ ಹೋಗಿ, ಬೆಲೆ ಕೊಟ್ಟು, ಒಂದು ಪುಟ್ಟ ಮಣ್ಣಿನ ಕುಡಿಕೆಯನ್ನು ತನ್ನಿ. ಹಾಗೆಯೇ ಇಷ್ಟಲಿಂಗವನ್ನು ಆಟದ ವಸ್ತುವಾಗಿ ಯಾವುದರಿಂದಲೂ ಮಾಡಬಾರದು. ಎದೆಯ ಮೇಲೆ ಶಿವದಾರ, ಅದಕ್ಕೊಂದು ಕರಡಿಗೆಯ ಆಕಾರ, ಅಷ್ಟು ಸಾಕು.

ಬೇಯಿಸುವ ವಿಚಾರದಲ್ಲಿ ಹಿರಿಯರು ಜೊತೆಗಿರಲೇಬೇಕು. ಒಂದೊಂದು ಕಂಪನಿಯ ಕಣಕಕ್ಕೆ ಒಂದೊಂದು ಶಾಖ. ಸಾಮಾನ್ಯವಾಗಿ 110ರಿಂದ 130 ಡಿಗ್ರಿ ಸೆಲ್ಸಿಯಸ್, ಹದಿನೈದರಿಂದ ಮೂವತ್ತು ನಿಮಿಷ. ಪೊಟ್ಟಣದ ಮೇಲೆ ಬರೆದುದೇ ಪ್ರಮಾಣ. ಓವನ್ನಿನ ತಿರುಗಣೆ ತೋರಿಸುವ ಅಂಕಿಗೂ ಒಳಗಿನ ಶಾಖಕ್ಕೂ ವ್ಯತ್ಯಾಸವಿರುವುದು ಸಾಮಾನ್ಯವಾದ್ದರಿಂದ, ಒಳಗಿಡುವ ಚಿಕ್ಕ ಥರ್ಮಾಮೀಟರನ್ನು ಕೊಳ್ಳುವುದು ಲೇಸು. ಮೈಕ್ರೋವೇವ್ ಸಲ್ಲದು, ಕೆಂಡ, ಗ್ಯಾಸ್ ಒಲೆ, ಕಾವಲಿ ಖಂಡಿತ ಸಲ್ಲವು. ಬೇಗ ಆಗಲೆಂದು ಶಾಖವನ್ನು ಹೆಚ್ಚಿಸಿದರೆ ಕಣಕ ಕಪ್ಪಾಗಿ ಸುಟ್ಟು ಹೈಡ್ರೋಜನ್ ಕ್ಲೋರೈಡ್ ಎಂಬ ಘಾಟು ಅನಿಲ ಹೊರಬರುತ್ತದೆ; ಅದು ಕಣ್ಣು ಗಂಟಲುಗಳಿಗೆ ಹಾನಿಕರ. ಹಾಗಾದಾಗ ಓವನ್ನನ್ನು ಆರಿಸಿ, ಕಿಟಕಿಗಳನ್ನು ತೆರೆದು, ಮಕ್ಕಳೊಡನೆ ಹೊರಗೆ ನಡೆಯಿರಿ. ಅಡುಗೆಯ ಓವನ್ನನ್ನೇ ಬಳಸಬೇಕಾದಲ್ಲಿ ತಟ್ಟೆಯನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ, ಅದೇ ಹೊತ್ತಿನಲ್ಲಿ ತಿನಿಸನ್ನು ಇಡದೆ, ಆಮೇಲೆ ಒಳಭಾಗವನ್ನು ಒರೆಸಬೇಕು. ಕೆಲಸ ಮುಗಿದೊಡನೆ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಇದರಿಂದ ಮಾಡಿದ ಬಟ್ಟಲಿನಲ್ಲಿ ಆಟಕ್ಕೆಂದು ಸಹ ಏನನ್ನೂ ತಿನ್ನಬಾರದು.

ಹಸಿ ಕಣಕವನ್ನು ಪ್ಲಾಸ್ಟಿಕ್ ಗೊಂಬೆಯ ಮೈಗೆ ತಾಗಿಸಿ ಬಿಡಬೇಡಿ. ಅದರೊಳಗಿನ ದ್ರವ ಗೊಂಬೆಯನ್ನೇ ಕೊರೆಯುತ್ತದೆ. ಬೇಯಿಸಿ ಆರಿಸಿದ ಮೇಲೆಯೇ ಕೈಗೆ ಅಂಟಿಸಿ. ಹಬ್ಬ ಮುಗಿದಾಗ ಸಲಕರಣೆಗಳನ್ನು ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ ಗೊಂಬೆಗಳ ಪೆಟ್ಟಿಗೆಯಲ್ಲಿಯೇ ಇಡಿ. ಜೊತೆಗೊಂದು ಕಾಗದವಿರಲಿ: ಪ್ರತಿಯೊಂದು ಸಲಕರಣೆಯ ಹೆಸರು, ಅದರ ನಿಜವಾದ ಅಳತೆ, ಆ ಅಳತೆಯನ್ನು ಹೇಳಿದ ಹಿರಿಯರ ಹೆಸರು, ಮತ್ತು ಆ ವರ್ಷ.