ಗೋಡೆ ಮಾತಾಡುತ್ತಿದೆ, ಯಾರ ಮಾತು?



ಕಳೆದ ಬೇಸಿಗೆ ರಜೆಯಲ್ಲಿ ತಂಗಿಯ ಮಗಳನ್ನು ಒಂದು ಮಾಲಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲೊಂದು ಕತ್ತಲ ಕೋಣೆ. ನೆಲದ ಮೇಲೆ ಬೆಳಕಿನ ಕೊಳ, ಅದರೊಳಗೆ ಬೆಳಕಿನ ಮೀನು. ಕಾಲಿಟ್ಟರೆ ನೀರು ಕಲಕುತ್ತದೆ, ಮೀನು ಚದುರುತ್ತದೆ. ಹುಡುಗಿ ಕುಣಿದಳು, ಕೇಕೆ ಹಾಕಿದಳು. ಅಷ್ಟರಲ್ಲಿ ಗೋಡೆಯಿಂದ ಒಂದು ದನಿ ಬಂತು. ಇಂಗ್ಲಿಷ್! ಐದು ವರ್ಷದ ಹುಡುಗಿ ಕುಣಿತ ನಿಲ್ಲಿಸಿ ನನ್ನ ಮುಖ ನೋಡಿದಳು. “ಮಾಮಾ, ಏನಂತೆ ಅದು?”

ಆಟದ ನಡುವೆ ಮಗು ಆಟ ಬಿಟ್ಟು ಅರ್ಥ ಕೇಳಬೇಕಾಯಿತಲ್ಲ, ಇದಕ್ಕೆ ಯಾರನ್ನು ಬಯ್ಯೋಣ? ಬಯ್ದರೆ ನಮ್ಮ ಬಾಯಿ ನೋಯುತ್ತದೆ, ಅಷ್ಟೇ. ಅಂಥ ಕೋಣೆಯನ್ನು ಕಟ್ಟುವುದು ಹೇಗೆ ಎಂದು ಮೊದಲು ತಿಳಿಯೋಣ. ಓದಿದ್ದು ಪಿ.ಯು.ಸಿ.ಯಷ್ಟೇ ಆದ ನನಗೇ ತಿಳಿಯಿತು ಎಂದಮೇಲೆ ಕಂಪ್ಯೂಟರ್ ಓದಿದ ನಿಮಗೆ ಕಷ್ಟವೇ?

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಅಮೆರಿಕದ ಮೈರನ್ ಕ್ರೂಗರ್ 1970ರ ದಶಕದಲ್ಲೇ ‘ವಿಡಿಯೋಪ್ಲೇಸ್’ ಮಾಡಿದ್ದರು. ಕ್ಯಾಮೆರಾ ಮುಂದೆ ನಿಂತವರ ನೆರಳು ತೆರೆಯ ಮೇಲೆ ಮೂಡುತ್ತಿತ್ತು, ಆ ನೆರಳಿನೊಡನೆ ತೆರೆಯ ಚಿತ್ರಗಳು ಆಡುತ್ತಿದ್ದವು. ಮೈಮೇಲೆ ಒಂದು ವೈರೂ ಇಲ್ಲ.

ನನ್ನ ಮನಸ್ಸು ಗೆದ್ದದ್ದು ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಏರನ್ ಬಾಬಿಕ್ ಮತ್ತು ಸಂಗಡಿಗರು 1996ರಲ್ಲಿ ಕಟ್ಟಿದ ‘ಕಿಡ್ಸ್‌ರೂಮ್’. 24 ಅಡಿ ಉದ್ದ, 18 ಅಡಿ ಅಗಲದ ಕೋಣೆ. ಎರಡು ಗೋಡೆ ಮಾಮೂಲಿ, ಉಳಿದೆರಡು ಹಿಂದಿನಿಂದ ಬೆಳಕು ಬೀಳುವ ತೆರೆ. ಮಕ್ಕಳು ಮಂತ್ರದ ಪದ ಕೂಗಿದರೆ ಮಲಗುವ ಕೋಣೆ ಕಾಡಾಗುತ್ತದೆ. ಮುಂದೆ ಹೊಳೆ, ಅಲ್ಲಿದ್ದ ಮಂಚವೇ ದೋಣಿ. ಹುಟ್ಟು ಹಾಕಿದ ಹಾಗೆ ಕೈ ಬೀಸಿದರೆ ದೋಣಿ ಸಾಗುತ್ತದೆ. ಕೊನೆಗೆ ರಾಕ್ಷಸರು ಬಂದು ಕುಣಿತ ಕಲಿಸುತ್ತಾರೆ, ಆಮೇಲೆ ಮಕ್ಕಳು ಕುಣಿದಂತೆ ತಾವೂ ಕುಣಿಯುತ್ತಾರೆ!

ಅಂದಿನ ಕಂಪ್ಯೂಟರಿಗೆ ಇದನ್ನೆಲ್ಲ ನೋಡುವ ಶಕ್ತಿ ಎಲ್ಲಿತ್ತು? ಗುಟ್ಟು ಇಷ್ಟೇ: ಎಲ್ಲಿ ನೋಡಬೇಕೆಂದು ಕಂಪ್ಯೂಟರಿಗೆ ಕಥೆಯೇ ಹೇಳುತ್ತಿತ್ತು. ದೋಣಿಯ ಸನ್ನಿವೇಶದಲ್ಲಿ ಮಂಚದ ಎಡಕ್ಕೋ ಬಲಕ್ಕೋ ಅಲುಗಾಟ ಇದೆಯೇ ಎಂದಷ್ಟೇ ನೋಡಿದರೆ ಸಾಕು. ಯಾರಾದರೂ ಮಂಚದಿಂದ ಇಳಿದರೆ ಆಟ ಕೆಡುತ್ತಿರಲಿಲ್ಲ, ‘ನೀರಿಗೆ ಬಿದ್ದೆ, ಹತ್ತು ಹತ್ತು’ ಎಂದು ದನಿ ಕರೆಯುತ್ತಿತ್ತು. ಮಗುವಿನ ತುಂಟತನವೂ ಕಥೆಗೆ ಸೇರಿತು. ಇನ್ನು ಆ ಮಂತ್ರದ ಪದ? ಕೋಣೆಗೆ ಅದು ಅರ್ಥವೇ ಆಗುತ್ತಿರಲಿಲ್ಲ. ಮೈಕು ಅಳೆಯುತ್ತಿದ್ದದ್ದು ಕೂಗಿನ ಜೋರನ್ನು ಮಾತ್ರ!

ಗಮನಿಸಿದಿರಾ? ಯಂತ್ರಕ್ಕೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾವು ದನಿ ತುಂಬಿದ್ದೇ ಅದರ ಭಾಷೆ. ಹೀಗಿರುವಾಗ ನಮ್ಮ ಊರಿನ ಗೋಡೆ ಕನ್ನಡ ಆಡದಿರಲು ಯಂತ್ರವನ್ನು ದೂರಿ ಫಲವೇನು?

ಈಗ ಕೆಲಸದ ಮಾತು. ಎದುರಿನಿಂದ ಪ್ರೊಜೆಕ್ಟರ್ ಬಿಟ್ಟರೆ ಆಡುವವರ ನೆರಳೇ ಚಿತ್ರವನ್ನು ನುಂಗುತ್ತದೆ. ಹಾಗಾಗಿ ಬೆಳಕು ತೆರೆಯ ಹಿಂದಿನಿಂದ ಬರಬೇಕು, ಇಲ್ಲವೇ ತಲೆಯ ಮೇಲಿಂದ. ತೆರೆಯ ಹಿಂದೆ ದೀಪವಿಟ್ಟ ನಮ್ಮ ತೊಗಲುಗೊಂಬೆಯವರಿಗೆ ಬೆಳಕಿನ ಈ ಲೆಕ್ಕ ಚೆನ್ನಾಗಿ ಗೊತ್ತು.

ಎರಡನೆಯದು ಹೊಂದಾಣಿಕೆ. ಪ್ರೆಸ್ಸಿನಲ್ಲಿ ನಾಲ್ಕು ಬಣ್ಣದ ಕೆಲಸ ಮಾಡುವಾಗ ನೀಲಿ, ಕೆಂಪು, ಹಳದಿ, ಕಪ್ಪು ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಕೂದಲೆಳೆ ತಪ್ಪಿದರೂ ಮದುಮಗಳ ಮುಖ ಹಾಳು! ಇಲ್ಲಿಯೂ ಅದೇ ಕಥೆ. ಕ್ಯಾಮೆರಾ ಕಂಡ ಜಾಗ ಮತ್ತು ಪ್ರೊಜೆಕ್ಟರ್ ಬೆಳಗುವ ಜಾಗ ಒಂದೇ ಆಗಬೇಕು. ಮೈಕ್ರೋಸಾಫ್ಟ್ ಸಂಶೋಧಕರು 2014ರಲ್ಲಿ ತೋರಿಸಿದ ‘ರೂಮ್‌ಅಲೈವ್’ ಕಪ್ಪು ಬಿಳುಪು ಪಟ್ಟೆಗಳನ್ನು ಕೋಣೆಯ ಮೇಲೆ ಬಿಟ್ಟು, ಸೋಫಾ ಎಲ್ಲಿದೆ, ಗೋಡೆ ಎಲ್ಲಿದೆ ಎಂದು ತಾನೇ ಲೆಕ್ಕ ಹಾಕುತ್ತಿತ್ತು.

ಮೂರನೆಯದು ವೇಗ. ಕೈ ಆಡಿಸಿದ ಮೇಲೆ ಚಿತ್ರ ತಡವಾಗಿ ಆಡಿದರೆ ಮಗುವಿಗೆ ಮೋಸ ಗೊತ್ತಾಗುತ್ತದೆ.

ದುಡ್ಡು ಎಲ್ಲಿಂದ ಎಂದಿರಾ? ಹಿಂದೆ ನಿಜವಾಗಿ ಕಷ್ಟವಿತ್ತು. 2010ರ ನವೆಂಬರಿನಲ್ಲಿ ‘ಕಿನೆಕ್ಟ್’ ಬಂದಾಗ ದಾರಿ ತೆರೆಯಿತು. ಕಣ್ಣಿಗೆ ಕಾಣದ ಅತಿಗೆಂಪು ಚುಕ್ಕಿಗಳನ್ನು ಚೆಲ್ಲಿ ದೂರ ಅಳೆಯುವ ಸಾಧನವದು, ಕತ್ತಲಲ್ಲೂ ನಡೆಯುತ್ತಿತ್ತು. ಆಟದ ಕಂಪನಿಯ ಬೀಗವನ್ನು ಹೊರಗಿನ ಹುಡುಗರು ವಾರದೊಳಗೆ ತೆರೆದು ಎಲ್ಲರಿಗೂ ಹಂಚಿದರು. 2017ರಲ್ಲಿ ಅದರ ತಯಾರಿಕೆ ನಿಂತಿತು. ಆದರೇನು? ಇಂದು ಗೂಗಲ್‌ನ ‘ಮೀಡಿಯಾಪೈಪ್’ ತಂತ್ರಾಂಶ ಸಾಧಾರಣ ವೆಬ್ ಕ್ಯಾಮೆರಾದಲ್ಲೇ ಮೈಯ 33 ಬಿಂದುಗಳನ್ನು ಗುರುತಿಸುತ್ತದೆ, ಬಿಟ್ಟಿಯಾಗಿ!

ಹಾಗಾದರೆ ಶುರು ಮಾಡಿ. ಭಾನುವಾರ ಖಾಲಿ ಇರುವ ಶಾಲೆಯ ಒಂದು ಕೋಣೆ ಕೇಳಿ. ಯಂತ್ರ ಆಮೇಲೆ. ಮೊದಲು ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆಯಿರಿ. ಒಬ್ಬ ಪರದೆಯ ಹಿಂದೆ ಕೂತು ಯಂತ್ರದ ಹಾಗೆ ಮಾತಾಡಲಿ, ಮಕ್ಕಳು ಆಡಲಿ. ಎಲ್ಲಿ ನಗುತ್ತಾರೆ, ಎಲ್ಲಿ ಬೇಸರಪಡುತ್ತಾರೆ, ಎಲ್ಲಿ ಗೋಡೆಗೆ ಡಿಕ್ಕಿ ಹೊಡೆಯುತ್ತಾರೆ, ಬರೆದುಕೊಳ್ಳಿ. ಅರ್ಧ ಆಟ ಅಲ್ಲೇ ಸಿದ್ಧ.

ಬೇಕಾದರೆ ಕುಂಟೆಬಿಲ್ಲೆಯನ್ನೇ ತೆಗೆದುಕೊಳ್ಳಿ. ಬೆಳಕಿನ ಮನೆಗಳು, ಕುಂಟುವ ಮಗು. ಕ್ಯಾಮೆರಾ ನೋಡಬೇಕಾದದ್ದು ಎರಡೇ: ಯಾವ ಮನೆಯಲ್ಲಿ ಕಾಲಿದೆ, ಇನ್ನೊಂದು ಕಾಲು ಕೆಳಗೆ ಬಂತೇ?

ದನಿ ತುಂಬುವಾಗ ಪಠ್ಯಪುಸ್ತಕದ ಕನ್ನಡ ದಯವಿಟ್ಟು ಬೇಡ. ‘ತಾವು ಪಾದವನ್ನು ಕೆಳಗಿರಿಸಿದ್ದೀರಿ’ ಎಂದರೆ ಮಗು ಮತ್ತೆ ಮಾಮನ ಮುಖ ನೋಡುತ್ತದೆ. ಹುಬ್ಬಳ್ಳಿಯ ಅಜ್ಜಿ, ಮಂಡ್ಯದ ಅತ್ತೆ, ಕುಂದಾಪುರದ ಅಣ್ಣ, ಯಾರಾದರೂ ಬಂದು ಬೀದಿಯಲ್ಲಿ ಕೂಗುವ ಹಾಗೆಯೇ ಕೂಗಲಿ.

ಹಗಲೆಲ್ಲ ಆಫೀಸಿನಲ್ಲಿ ಊರವರ ಆಟಕ್ಕೆ ಕೋಡ್ ಬರೆಯುತ್ತೀರಿ, ಅದು ಹೊಟ್ಟೆಪಾಡು, ತಪ್ಪಿಲ್ಲ. ವಾರಕ್ಕೊಂದು ದಿನ ನಮ್ಮ ಮಕ್ಕಳಿಗೆ ಕೊಡಿ. ಆಟ ಸಿದ್ಧವಾದ ದಿನ ನನಗೆ ಹೇಳಿ ಕಳಿಸಿ, ತಂಗಿಯ ಮಗಳನ್ನು ಕರೆದುಕೊಂಡು ಬರುತ್ತೇನೆ. ಪರೀಕ್ಷೆ ಅವಳದೇ!